ಹತ್ತು ಇಂಚು ಹೆಚ್ಚು

ರೈಲು ಗೇಟಿನ ಪಕ್ಕದಲ್ಲಿ ಉದ್ದನೆಯ ಒಂದೇ ಕೋಣೆಯ ಅಂಗಡಿ. ಮುಂದಿನ ಅರ್ಧದಲ್ಲಿ ಗಂಡನ ಹೊಲಿಗೆ ಮಿಷನ್, ಹಿಂದಿನ ಅರ್ಧದಲ್ಲಿ ಹೆಂಡತಿಯ ರಿಪೇರಿ ಮೇಜು, ನಡುವೆ ಒಂದು ದಪ್ಪ ಪರದೆ. ಹೊಲಿಯಲು ಬಂದ ಬಟ್ಟೆಗೆ ಎಣ್ಣೆಯ ಕಲೆ ತಾಗದಿರಲಿ ಎಂದು ಗಂಡ ಕಟ್ಟಿದ ಪರದೆ ಅದು. ಮರದ ಹೊಟ್ಟಿಗೆ ಮಾತ್ರ ಪರದೆ ಗಿರದೆ ಯಾವುದೂ ಲೆಕ್ಕಕ್ಕಿರಲಿಲ್ಲ. ಊರಿನ ಅರ್ಧ ಜನರ ಅಂಗಿಯ ಜೇಬಿನ ಮೂಲೆಯಲ್ಲಿ ಒಂದು ಚಿಟಿಕೆ ಹೊಟ್ಟು ಸಿಗುತ್ತಿತ್ತು. ಮರ ಕೊಯ್ಯುವ ಮಿಷನ್ ಹೊತ್ತು ಬಂದ ಹೊಸಬರು ಪರದೆ ಸರಿಸಿ, "ರಿಪೇರಿಯವರು ಇಲ್ವಾಮ್ಮ?" ಎಂದು ಅವಳನ್ನೇ ಕೇಳುತ್ತಿದ್ದರು. "ಊಟಕ್ಕೆ ಹೋಗಿದಾರೆ, ಇಟ್ಟು ಹೋಗಿ," ಎನ್ನುತ್ತಿದ್ದಳು. ಸಂಜೆ ಬಂದು ನೋಡಿದರೆ ಮಿಷನ್ ರಿಪೇರಿಯಾಗಿರುತ್ತಿತ್ತು. ರಿಪೇರಿಯವರದ್ದು ಮಾತ್ರ ಇನ್ನೂ ಊಟ ಮುಗಿದಿರುತ್ತಿರಲಿಲ್ಲ.

ಹಳಬರಿಗೆ ಅವಳು ಕಿವಿಯಕ್ಕ. ಮಿಷನ್ನಿನ ಹಗ್ಗ ಎಳೆದು, ಇಂಜಿನ್ ಗುಟುರು ಹಾಕಿದ ಮೇಲೆ ಎರಡು ಉಸಿರಿನಷ್ಟು ಹೊತ್ತು ತಲೆ ವಾರೆ ಮಾಡಿ ಕೇಳುತ್ತಿದ್ದಳು. ಅದು ಯಾವ ಕಾಲದ್ದು, ಒಳಗಿನ ಇಂಜಿನ್ ಎಷ್ಟು ದೊಡ್ಡದು, ಎಲ್ಲಿ ನೋವು, ಎಷ್ಟು ಉದ್ದದ ಬಾರ್ ಎಳೆದೀತು, ಎಲ್ಲವನ್ನೂ ಅಷ್ಟರಲ್ಲೇ ಹೇಳಿಬಿಡುತ್ತಿದ್ದಳು. ಡಾಕ್ಟರುಗಳಿಗೂ ಇಷ್ಟು ಬೇಗ ಗೊತ್ತಾಗುವುದಿಲ್ಲ. ಗೊತ್ತಾದರೂ ಅವರು ಬಾಯಿ ಬಿಡುವುದಿಲ್ಲ.

ಬಾರ್ ಎಂದರೆ ಮಿಷನ್ನಿನ ಮುಂದೆ ನಾಲಿಗೆಯ ಹಾಗೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ. ಅದರ ಅಂಚಿನ ಸುತ್ತ ಹಲ್ಲಿನ ಚೈನ್ ಓಡುತ್ತದೆ. ಬಾರ್ ಉದ್ದವಿದ್ದಷ್ಟೂ ದಪ್ಪ ಮರ ಕೊಯ್ಯಬಹುದು ಎಂದು ಎಲ್ಲರಿಗೂ ಉದ್ದದ್ದೇ ಆಸೆ. ಆದರೆ ಅದನ್ನು ಎಳೆಯುವ ತಾಕತ್ತು ಇಂಜಿನ್ನಿಗೆ ಇರಬೇಕಲ್ಲ. ಇಲ್ಲದಿದ್ದರೆ ಚೈನ್ ಮರದೊಳಗೆ ಏದುಸಿರು ಬಿಡುತ್ತದೆ, ಎಣ್ಣೆ ತುದಿಯವರೆಗೆ ಮುಟ್ಟುವುದಿಲ್ಲ, ಉಕ್ಕು ಕಾಯುತ್ತದೆ. ಕಾದ ಚೈನ್ ಸಡಿಲವಾಗಿ, ಬಾರಿನಿಂದ ಜಾರಿ, ಹಿಂದಕ್ಕೆ ಹಾರಿ ಹಿಡಿದವನ ಕೈಗೇ ಬಾರಿಸುತ್ತದೆ. ಹೊಸ ಮಿಷನ್ನುಗಳಲ್ಲಿ ಕೈಗೆ ಅಡ್ಡವಾಗಿ ಒಂದು ಕವಚವಾದರೂ ಇರುತ್ತದೆ. ಹಳೆಯವುಗಳಲ್ಲಿ ಅದೂ ಇಲ್ಲ. ಹಳೆಯವುಗಳ ಇನ್ನೊಂದು ತೊಂದರೆಯೆಂದರೆ ಅವಕ್ಕೆ ಹೆಸರಿರುವುದಿಲ್ಲ. ಬಣ್ಣ ಹೋಗಿರುತ್ತದೆ, ಮಾಡೆಲ್ ಬರೆದ ತಗಡು ಎಂದೋ ಕಿತ್ತು ಬಿದ್ದಿರುತ್ತದೆ. ಕಂಪನಿಯವರು ಒಂದೇ ಮೈಯೊಳಗೆ ಸಣ್ಣ ಇಂಜಿನ್ನನ್ನೂ ಕೂರಿಸಿರುತ್ತಾರೆ, ದೊಡ್ಡದನ್ನೂ ಕೂರಿಸಿರುತ್ತಾರೆ. ಹೊರಗಿನಿಂದ ನೋಡಿದರೆ ಅವಳಿ ಜವಳಿ.

ಕೇಳುವ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಅಪ್ಪ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಹೋಗುವಾಗ ತಟ್ಟನೆ ಬ್ರೇಕ್ ಹಿಡಿದು, "ಆಚೆ ಕಡೆ ಕೊಯ್ತಾ ಇರೋದು ಯಾವ್ದು, ಹೇಳು ನೋಡೋಣ" ಎನ್ನುತ್ತಿದ್ದರು. ಮಂಜಿನ ಆಚೆಯಿಂದ, ಎಲೆಗಳ ಆಚೆಯಿಂದ, ಒಂದು ಸಣ್ಣ ಗುನುಗು ಬರುತ್ತಿತ್ತು. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗಾಳಿ ನಿಂತಾಗ ಗುನುಗು ಹತ್ತಿರ ಬರುತ್ತಿತ್ತು, ಗಾಳಿ ಎದ್ದಾಗ ದೂರ ಹೋಗುತ್ತಿತ್ತು, ಅದರ ಜೊತೆ ಅವಳೂ ಹೋಗಿ ಬರುತ್ತಿದ್ದಳು. ಅಪ್ಪನ ಸ್ವಂತ ಮಿಷನ್ನಿನ ಸದ್ದಂತೂ ಅವಳ ಮೈಯೊಳಗೇ ಇತ್ತು. ತಗ್ಗಿದ ದನಿಯ ದೊಡ್ಡ ಇಂಜಿನ್, ಇಪ್ಪತ್ತೆಂಟು ಇಂಚಿನ ಬಾರನ್ನು ಬೆಣ್ಣೆಯೊಳಗಿನ ಚಾಕುವಿನ ಹಾಗೆ ಎಳೆಯುತ್ತಿತ್ತು. ಅಪ್ಪ ಹಾಸಿಗೆ ಹಿಡಿದ ವರ್ಷ ಅದು ಯಾರದೋ ಕೈಗೆ ಹೋಯಿತು. ಒಮ್ಮೆ ಬದಲಿಸಿದ್ದ ಅದರ ಹಳೆಯ ಪಿಸ್ಟನ್ ಒಂದು ಮಾತ್ರ ಅವಳ ಮೇಜಿನ ಮೇಲೆ ಉಳಿದಿತ್ತು. ಮಗುಚಿಟ್ಟು ಅದರೊಳಗೆ ಚೈನಿನ ಹಲ್ಲು ತೀಡುವ ಸಣ್ಣ ಅರಗಳನ್ನು ನಿಲ್ಲಿಸುತ್ತಿದ್ದಳು.

ಅಪ್ಪನದೊಂದು ಕ್ರಮವಿತ್ತು. ಕಿವಿಯಲ್ಲಿ ಕೇಳಿ ಹೇಳಿದ ಮೇಲೂ ಸೈಲೆನ್ಸರ್ ಬಿಚ್ಚಿ, ಒಳಗೆ ಇಣುಕಿ, ಪಿಸ್ಟನ್ನಿನ ಅಗಲ ಅಳೆದೇ ಬಾರ್ ಕೂರಿಸುತ್ತಿದ್ದರು. ಪಿಸ್ಟನ್ ಅಗಲವಿದ್ದಷ್ಟೂ ಇಂಜಿನ್ ದೊಡ್ಡದು. ಮಗಳೂ ಇಪ್ಪತ್ತು ವರ್ಷ ಹಾಗೇ ಮಾಡಿದಳು. ಒಂದು ಸಲವೂ ಕಿವಿ ತಪ್ಪಲಿಲ್ಲ. ತಪ್ಪದೇ ಇರುವುದನ್ನು ಎಷ್ಟು ಸಲ ಅಂತ ಅಳೆಯುವುದು? ಬಿಟ್ಟುಬಿಟ್ಟಳು. ಹೊಗಳಿಕೆಯೂ ಸ್ವಲ್ಪ ತಲೆಗೇರಿತ್ತು ಅನ್ನಿ. ಸೈಲೆನ್ಸರ್ ಬಿಚ್ಚಿ ನೋಡಿದರೆ ಯಾರು ಕಿವಿಯಕ್ಕ ಅನ್ನುತ್ತಾರೆ?

ಆಮೇಲೆ ಕಿವಿ ಹೋಗತೊಡಗಿತು.

ಮೊದಲು ಹೋದದ್ದು ಪರದೆಯಾಚೆಯ ಹೊಲಿಗೆ ಮಿಷನ್ನಿನ ಟಿಕಟಿಕ. ಗಂಡ ಕೆಲಸ ನಿಲ್ಲಿಸಿ ಕೂತಿದ್ದಾನೆ ಎಂದುಕೊಂಡು ಪರದೆ ಸರಿಸಿದರೆ, ಅವನು ತಲೆ ಬಗ್ಗಿಸಿ ಜೋರಾಗಿ ತುಳಿಯುತ್ತಿದ್ದ, ಬಟ್ಟೆ ಸರಸರನೆ ಸರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ನಲ್ಲಿಯ ತೊಟ್ಟು ಹೋಯಿತು, ಹಕ್ಕಿಗಳು ಹೋದವು, ಫೋನು ಹೋಯಿತು. ಮೂವತ್ತು ವರ್ಷ ಇಂಜಿನ್ನಿನ ಬಾಯಿಗೆ ಕಿವಿ ಕೊಟ್ಟು ಕೂತರೆ ಇನ್ನೇನಾಗುತ್ತದೆ? ಆದರೆ ವಿಚಿತ್ರವೆಂದರೆ ಅವಳಿಗೆ ಮೌನ ಬರಲಿಲ್ಲ. ಹೋದ ಸದ್ದುಗಳ ಜಾಗದಲ್ಲಿ ಹಳೆಯ ಸದ್ದುಗಳು ಬಂದು ಕೂತವು. ಕಿಟಕಿಯಾಚೆ ರೆಕ್ಕೆ ಬಡಿದದ್ದನ್ನು ಕಂಡರೆ ಸಾಕು, ಎಂದೋ ಕೇಳಿದ ಚಿಲಿಪಿಲಿ ತಲೆಯೊಳಗೆ ತಾನಾಗಿ ಶುರುವಾಗುತ್ತಿತ್ತು. ಗೇಟು ಬಿದ್ದದ್ದನ್ನು ಕಂಡರೆ ರೈಲು ಕೂಗುತ್ತಿತ್ತು. ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ಬೇರೆ ಮಾಡಲು ಅವಳಿಗೇ ಬರುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮರದ ಹೊಟ್ಟು ಚಿನ್ನದ ಪುಡಿಯಂತೆ ತೇಲುತ್ತಿರುವಾಗ, ಅರವನ್ನು ಹಲ್ಲಿನ ಮೇಲೆ ತೀಡುತ್ತಾ ತೀಡುತ್ತಾ, ಅವಳು ಸತ್ತ ಅಪ್ಪ ಕೆಮ್ಮಿದ್ದನ್ನೂ ಕೇಳುತ್ತಿದ್ದಳು. ಹಾಯೆನಿಸುತ್ತಿತ್ತು.

ಯಾರಿಗೂ ಹೇಳಲಿಲ್ಲ. ಎದುರು ನಿಂತವರ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದಳು. ಕಿವಿಯಕ್ಕನಿಂದ ಕಿವಿ ಕಳೆದರೆ ಏನು ಉಳಿಯುತ್ತದೆ? ಆ ಪ್ರಶ್ನೆಯೊಂದೇ ಅವಳನ್ನು ಕಾಡುತ್ತಿದ್ದದ್ದು. ಗಂಡ ಎರಡು ಸಲ ಕೂಗಿ ಮೂರನೆಯ ಸಲ ಪರದೆ ಸರಿಸಿದರೆ, "ಕೈಲಿ ಕೆಲಸ ಇತ್ತು, ಆಮೇಲೆ ಮಾತಾಡೋಣ ಅಂತ ಸುಮ್ನಿದ್ದೆ" ಎಂದು ಸಿಡುಕುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಗಂಡಸಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಹೀಗೆ ಎರಡು ವರ್ಷ ನಡೆಯಿತು.

ಆ ವರ್ಷದ ದೊಡ್ಡ ಗಾಳಿಗೆ ಗ್ರಂಥಾಲಯದ ಹಿಂದಿನ ಮರ ಬೇರು ಸಮೇತ ಬಿತ್ತು. ಬಿದ್ದದ್ದು ಕಾಂಪೌಂಡ್ ಗೋಡೆಗೆ ಅಂಟಿಕೊಂಡು. ಕಾಂಡ ಎರಡು ಅಡಿಗೂ ಮೇಲೆ ದಪ್ಪ. ಅದನ್ನು ತುಂಡು ಮಾಡುವ ಕೆಲಸ ಸಿಕ್ಕಿದ್ದು ಅವಳ ತಮ್ಮನಿಗೆ. ಅವನದು ಮರ ಕೊಯ್ಯುವುದೇ ಕಸುಬು. ಅವನ ಬಳಿ ಇದ್ದದ್ದು ಹದಿನಾರು ಇಂಚಿನ ಮಿಷನ್. ಗೋಡೆಯ ಕಡೆಯಿಂದ ಮಿಷನ್ ಇಳಿಸಲು ಜಾಗವಿಲ್ಲ, ಈ ಕಡೆಯಿಂದ ಆಚೆಯ ಅಂಚು ಮುಟ್ಟುವುದಿಲ್ಲ. ಎರಡು ದಿನ ಮರದ ಸುತ್ತ ಸುತ್ತಿದವನು ಮೂರನೆಯ ದಿನ ಗುಜರಿ ಅಂಗಡಿಯಿಂದ ಒಂದು ಹಳೆಯ ಮಿಷನ್ನನ್ನು ಮಗುವಿನಂತೆ ತಬ್ಬಿಕೊಂಡು ಬಂದ. ಜೊತೆಗೆ ಬಿಡಿಭಾಗಗಳ ಒಂದು ತುಕ್ಕು ಹಿಡಿದ ಡಬ್ಬಿ.

ಮೇಜಿನ ಮೇಲೆ ಇಟ್ಟು, "ಅಕ್ಕಾ, ನೋಡೇ. ಅಪ್ಪಂದೇ ತರ ಇದ್ಯಲ್ವಾ?" ಎಂದ.

ಇತ್ತು. ಅದೇ ಭಾರದ ಮೈ, ಅದೇ ಬಾಗಿದ ಹಿಡಿ, ಹೆಬ್ಬೆರಳು ಕೂರುವ ಜಾಗದಲ್ಲಿ ಅದೇ ಸವಕಲು. ಬಣ್ಣವಿಲ್ಲ, ಹೆಸರಿನ ತಗಡಿಲ್ಲ. ಮುಂದೆ ಮಾತ್ರ ಹದಿನೆಂಟು ಇಂಚಿನ ಸಣ್ಣ ಬಾರ್.

"ಇಷ್ಟು ದೊಡ್ಡ ಮೈಗೆ ಇಷ್ಟು ಚಿಕ್ಕ ಬಾರ್ ಯಾರು ಹಾಕಿದ್ರೋ, ಆನೆಗೆ ಆಡಿನ ಬಾಲ ಕಟ್ಟಿದ ಹಾಗೆ!" ಎಂದು ನಕ್ಕಳು. ತಮ್ಮನೂ ನಕ್ಕ. ಇಬ್ಬರಿಗೂ ಅದು ಅಪ್ಪನ ಮಿಷನ್ನೇ ಆಗಬೇಕಿತ್ತು. ಆ ಆಸೆ ಆ ಮಧ್ಯಾಹ್ನ ಕೋಣೆಯ ತುಂಬ ಹೊಟ್ಟಿನ ಜೊತೆಗೇ ತೇಲುತ್ತಿತ್ತು.

ಕಾರ್ಬುರೇಟರ್ ತೊಳೆದಳು, ಪ್ಲಗ್ ಬದಲಿಸಿದಳು, ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿ ತುಂಬಿದಳು. ನಾಲ್ಕನೆಯ ಎಳೆತಕ್ಕೆ ಮಿಷನ್ ಎದ್ದಿತು. ಹಿಡಿ ನಡುಗಿತು, ನೀಲಿ ಹೊಗೆ ಕಿಟಕಿಯ ಬಿಸಿಲಿಗೆ ಹೋಗಿ ನಿಧಾನ ಬಿಚ್ಚಿಕೊಂಡಿತು. ಅವಳು ತಲೆ ವಾರೆ ಮಾಡಿ ಕಣ್ಣು ಮುಚ್ಚಿದಳು.

ಕೇಳಿಸಿತು. ಎಷ್ಟು ಸ್ಪಷ್ಟವಾಗಿ ಕೇಳಿಸಿತು! ತಗ್ಗಿದ ದನಿ, ತುಂಬಿದ ದನಿ, ಗುಡ್ಡದ ಆಚೆಯಿಂದ ಬಂದು ಅವಳ ಪಕ್ಕೆಲುಬಿನೊಳಗೆ ಕೂತುಕೊಳ್ಳುವ ದನಿ. ಸೈಕಲ್ಲಿನ ಕಂಬಿ ತೊಡೆಗೆ ಒತ್ತಿತು. ಮಂಜಿನ ವಾಸನೆ ಬಂತು. ಎರಡು ವರ್ಷದಿಂದ ಯಾವ ಸದ್ದೂ ಇಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಕಿವಿ ಮರಳಿ ಬಂತೇನೋ ಎಂದು ಅವಳಿಗೆ ಅಳುವೇ ಬಂತು.

"ಅಪ್ಪಂದೇ ಕಣೋ. ಅದೇ ಇಂಜಿನ್ನು. ಇಪ್ಪತ್ತೆಂಟು ಹಾಕು," ಎಂದಳು.

ತಮ್ಮ ಅವಳ ಮುಖ ನೋಡಿ ತಾನೂ ಕಣ್ಣು ಒರೆಸಿಕೊಂಡ. ಅವಳು ಬಿಡಿಭಾಗದ ಡಬ್ಬಿಯನ್ನು ತೆರೆದೂ ನೋಡಲಿಲ್ಲ. ಹದಿನೆಂಟರ ಬಾರನ್ನು ಬಿಚ್ಚಿ ಮೂಲೆಗೆ ಎಸೆದಳು. ಅಟ್ಟದ ಮೇಲಿದ್ದ ಇಪ್ಪತ್ತೆಂಟರ ಬಾರಿಗೆ ಹೊಸ ಚೈನ್ ಸುತ್ತಿ, ಚೈನ್ ತಿರುಗಿಸುವ ಸ್ಪ್ರಾಕೆಟ್ಟಿಗೆ ಹಲ್ಲು ಕೂರುವುದನ್ನು ನೋಡಿ, ನಟ್ಟು ಬಿಗಿದುಕೊಟ್ಟಳು. ಸರಿಯಾಗಿ ಕೂತಿತು. ಅವಳಿ ಜವಳಿಗಳಲ್ಲಿ ಬಾರ್ ಕೂರುವ ಜಾಗವೂ ಒಂದೇ ಅಲ್ಲವೆ!

ಮರುದಿನ ಬೆಳಿಗ್ಗೆ ತಮ್ಮ ಮಿಷನ್ ಹೊತ್ತು ಗ್ರಂಥಾಲಯಕ್ಕೆ ಹೋದ. ಅವಳು ಹಾಡಿಕೊಳ್ಳುತ್ತಾ ಮೇಜು ಒರೆಸಿದಳು. ಡಬ್ಬಿಯನ್ನು ಅಟ್ಟಕ್ಕೆ ಹಾಕೋಣವೆಂದು ಎತ್ತಿದಾಗ ತಳ ಕಳಚಿ ಒಳಗಿದ್ದದ್ದೆಲ್ಲ ಮೇಜಿನ ಮೇಲೆ ಚೆಲ್ಲಿತು. ಸ್ಪ್ರಿಂಗುಗಳು, ಎರಡು ಕ್ಲಚ್ಚು, ಒಂದು ಸವೆದ ಪಿಸ್ಟನ್. ಆ ಮಿಷನ್ನಿನ ಹಳೆಯ ಯಜಮಾನ ಎಂದೋ ಬದಲಿಸಿ ತೆಗೆದಿಟ್ಟದ್ದು. ಪಿಸ್ಟನ್ ಉರುಳುತ್ತಾ ಹೋಗಿ ಅಪ್ಪನ ಪಿಸ್ಟನ್ನಿನ ಪಕ್ಕದಲ್ಲಿ ನಿಂತಿತು.

ಸಣ್ಣದಿತ್ತು.

ಕಣ್ಣಿಗೆ ಹಾಗೆ ಕಾಣುತ್ತಿರಬೇಕು ಎಂದುಕೊಂಡು ಪರದೆಯಾಚೆ ಕೈ ಹಾಕಿ ಗಂಡನ ಟೇಪು ತಂದಳು. ಅಳೆದಳು. ಮತ್ತೆ ಅಳೆದಳು. ಎಂಟು ಮಿಲಿಮೀಟರ್ ಕಡಿಮೆ. ಆ ಕಡಿಮೆಗೆ ಹದಿನೆಂಟು ಇಂಚೇ ಸರಿ. ಇಪ್ಪತ್ತೆಂಟು ಹಾಕುವುದೆಂದರೆ ತಮ್ಮನ ಕೈಯನ್ನು ಚೈನಿನ ಬಾಯಿಗೆ ಕೊಟ್ಟ ಹಾಗೆ. ಎಸೆದ ಬಾರನ್ನು ಮೂಲೆಯಿಂದ ಎತ್ತಿ ಬೆಳಕಿಗೆ ಹಿಡಿದಳು. ಎರಡು ಅಂಚೂ ಒಂದೇ ಸಮನೆ ಸವೆದಿದ್ದವು. ಆಗಾಗ ತಿರುಗಿಸಿ ಹಾಕಿ, ಎಣ್ಣೆಯ ತೂತನ್ನು ಕೆದಕಿ ಚೊಕ್ಕಟ ಮಾಡಿ, ವರ್ಷಗಟ್ಟಲೆ ಜೋಪಾನವಾಗಿ ದುಡಿಸಿದ ಬಾರ್ ಅದು. ಅದರ ಯಜಮಾನನಿಗೆ ತನ್ನ ಮಿಷನ್ ಏನೆಂದು ಗೊತ್ತಿತ್ತು. ನಕ್ಕವಳಿಗೇ ಗೊತ್ತಿರಲಿಲ್ಲ.

ಹಾಗಾದರೆ ನಿನ್ನೆ ಕೇಳಿದ ಸದ್ದು ಯಾವುದು?

ಕಾಲಿನ ಚಪ್ಪಲಿ ಒಂದು ಗಂಡನದು, ಒಂದು ತನ್ನದು, ಹಾಗೇ ಬೀದಿಗಿಳಿದಳು. ಹದಿನೆಂಟರ ಬಾರ್ ಕಂಕುಳಲ್ಲಿತ್ತು. ಬೀದಿ ನೀರಿನೊಳಗೆ ಮುಳುಗಿದ ಹಾಗಿತ್ತು. ಬಸ್ಸುಗಳು ಸದ್ದಿಲ್ಲದೆ ತೇಲಿ ಬಂದವು, ಜನರ ಬಾಯಿ ತೆರೆದು ಮುಚ್ಚಿತು, ಹಿಂದಿನಿಂದ ಯಾರೋ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಪಕ್ಕದಲ್ಲಿ ಬಂದು ಕೈಯೆತ್ತಿ ಬೈದು ಹೋದರು. ಫೋನು ಮಾಡಬಹುದಿತ್ತು ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಮಾಡಿದರೂ ಅವನು ಎತ್ತಿದನೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಅಂಚೆ ಕಚೇರಿಯ ತಿರುವಿನಲ್ಲಿ ಇನ್ನೊಂದು ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಬೇಕು. ಅವನು ಪಳಗಿದವನು, ಮಿಷನ್ ಎಳೆಯದಿದ್ದರೆ ತಾನೇ ನಿಲ್ಲಿಸುತ್ತಾನೆ, ಸಂಜೆ ಏನೋ ಒಂದು ನೆಪ ಹೇಳಿ ಬಾರ್ ಬದಲಿಸಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಕಾಲು ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಓಡಿದಳು. ಐವತ್ತು ದಾಟಿದ ಹೆಂಗಸು, ಬೇರೆ ಬೇರೆ ಚಪ್ಪಲಿಯಲ್ಲಿ, ಕಂಕುಳಲ್ಲಿ ಗರಗಸದ ಬಾರ್ ಇಟ್ಟುಕೊಂಡು ಓಡಿದರೆ ಊರು ದಾರಿ ಬಿಡುತ್ತದೆ.

ಗ್ರಂಥಾಲಯದ ಹಿಂದೆ ತಮ್ಮ ಕಾಂಡಕ್ಕೆ ಮಿಷನ್ ಇಟ್ಟು ಬಾಗಿ ನಿಂತಿದ್ದ. ಇಪ್ಪತ್ತೆಂಟು ಇಂಚು ಮುಕ್ಕಾಲು ಭಾಗ ಮರದೊಳಗೆ ಹೋಗಿತ್ತು. ಹೊಟ್ಟು ಚಿಮ್ಮುವ ಕಡೆ ಹೊಟ್ಟಿಗಿಂತ ಹೊಗೆಯೇ ಹೆಚ್ಚಿತ್ತು. ಅವನು ಅವಳನ್ನು ಕಂಡ, ನೋಡಲು ಬಂದಿದ್ದಾಳೆ ಎಂದು ಹಲ್ಲು ಕಿರಿದ, ಇನ್ನಷ್ಟು ಒತ್ತಿದ. ಅವಳು ಕೈ ಬೀಸಿದಳು. ಅವನೂ ತಲೆ ಆಡಿಸಿದ.

ಈ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಮಿಷನ್ ಓಡುತ್ತಿರುವಾಗ ಬಾರಿನ ಎರಡರಷ್ಟು ದೂರದೊಳಗೆ ಯಾರೂ ಕಾಲಿಡಬಾರದು. ಯಾರಾದರೂ ಇಟ್ಟರೆ, ಅದು ಯಾರೇ ಇರಲಿ, ಕೊಯ್ಯುವವನು ಮೊದಲು ಇಂಜಿನ್ ಆರಿಸಬೇಕು, ಆಮೇಲೆ ಬೈಯಬೇಕು. ತಮ್ಮನಿಗೆ ಅದನ್ನು ಕಲಿಸಿದವಳು ಅವಳೇ. ಅವಳು ಅವನ ಕಣ್ಣೆದುರಿಗೆ ಬಂದು, ನೇರವಾಗಿ, ಆ ದೂರದೊಳಗೆ ಕಾಲಿಟ್ಟಳು.

ಅವನು ಇಂಜಿನ್ ಆರಿಸಿದ. ಆಮೇಲೆ ಬೈದ. ಅವನ ತುಟಿಗಳನ್ನು ನೋಡಿ ಅವಳಿಗೆ ಅರ್ಥವಾಯಿತು.

"ತಲೆ ಕೆಟ್ಟಿದ್ಯಾ ನಿಂಗೆ? ನೀನೇ ಹೀಗೆ ಅಡ್ಡ ಬಂದ್ರೆ ಹೇಗಕ್ಕಾ!"

"ಆ ಬಾರ್ ತೆಗಿ."

"ಯಾಕೆ? ನೀನೇ ಹಾಕಿದ್ದಲ್ವಾ? ಸದ್ದು ಕೇಳಿ ನೀನೇ ಹೇಳಿದ್ದಲ್ವಾ?"

"ನಂಗೆ ಕೇಳ್ಸಲ್ಲ ಕಣೋ." ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. "ನಿನ್ನೆ ನಾನು ಕೇಳಿದ್ದು ಇದರ ಸದ್ದಲ್ಲ. ಅಪ್ಪನ ಮಿಷನ್ ಸದ್ದು. ನನ್ನ ತಲೇಲಿ ಇದ್ದದ್ದು. ಇದು ಸಣ್ಣ ಇಂಜಿನ್ನು. ಹದಿನೆಂಟೇ ಸರಿ ಇತ್ತು."

ಅವನ ಜೊತೆಗೆ ಕೆಲಸ ಮಾಡುವ ಇಬ್ಬರು ಹಗ್ಗ ಹಿಡಿದುಕೊಂಡು ನಿಂತಿದ್ದರು. ತಮ್ಮ ಬೆಣೆ ಹೊಡೆದು ಬಾರನ್ನು ಮರದಿಂದ ಬಿಡಿಸಿದ. ಚೈನ್ ಬಾರಿನ ಕೆಳಗೆ ಒಂದು ಬೆರಳಿನಷ್ಟು ಜೋತುಬಿದ್ದಿತ್ತು. ಕುಡಿಯುವ ನೀರಿನ ಬಾಟಲಿಯಿಂದ ತುದಿಯ ಮೇಲೆ ನಾಲ್ಕು ಹನಿ ಹಾಕಿದ. ಹನಿಗಳು ಕುಣಿದು ಆವಿಯಾದವು. ಇನ್ನೊಂದು ತುಂಡಿಗೆ ಅದು ತಡೆಯುತ್ತಿರಲಿಲ್ಲ ಎಂದು ಹೇಳಲು ಇಬ್ಬರಿಗೂ ಕಿವಿ ಬೇಕಿರಲಿಲ್ಲ.

ಅವನು ಅವಳ ಎದುರಿಗೆ ಬಂದು ನಿಂತು, ಬಾಯಿ ಅಗಲ ಮಾಡಿ ನಿಧಾನವಾಗಿ ಕೇಳಿದ. "ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

ಈಗ ಕೂಗಾಡುತ್ತಾನೆ, ಮುಚ್ಚಿಟ್ಟೆ ಅನ್ನುತ್ತಾನೆ, ಅಳುತ್ತಾನೆ ಎಂದು ಅವಳು ಕಾದಳು. ಅವನು ಬೆರಳು ಮಡಚುತ್ತಿದ್ದ.

"ಈ ಎರಡು ವರ್ಷದಲ್ಲಿ ಹೀಗೆ ಹೆಸರಿಲ್ಲದ ಮಿಷನ್ನು ಎಷ್ಟು ಕೊಟ್ಟಿದ್ದೀಯಕ್ಕಾ? ಬರೀ ಕೇಳಿ, ಅಳತೆ ನೋಡ್ದೆ?"

ಅದು ಅವಳಿಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಅವಳು ಹೆದರಿದ್ದು ತನ್ನ ಹೆಸರಿಗೆ. ಅವಳು ಕಾಂಡದ ಮೇಲೆ ಕೂತು ಒಂದೊಂದಾಗಿ ನೆನಪು ಮಾಡಿಕೊಂಡಳು. ಇಟ್ಟಿಗೆ ಗೂಡಿನವರದು. ಶಾಲೆಯ ಮಾಲಿಯದು. ದೋಣಿ ಕಟ್ಟುವ ಅಣ್ಣ ತಮ್ಮಂದಿರದು ಎರಡು. ಬೇಕರಿಯವನದು. ಹೀಗೆ ಒಟ್ಟು ಹನ್ನೊಂದು.

ಆ ಮರವನ್ನು ಅವರು ಮರುದಿನ ಜೀಪಿಗೆ ಸರಪಳಿ ಕಟ್ಟಿ ಗೋಡೆಯಿಂದ ಮೂರಡಿ ಈಚೆಗೆ ಎಳೆದು, ಹದಿನೆಂಟು ಇಂಚಿನ ಬಾರಿನಲ್ಲೇ ಎರಡೂ ಕಡೆಯಿಂದ ಕೊಯ್ದರು. ಮಿಷನ್ ಒಮ್ಮೆಯೂ ತೊದಲಲಿಲ್ಲವಂತೆ. ಅದರ ಮರುದಿನದಿಂದ ಅಕ್ಕ ತಮ್ಮ ಇಬ್ಬರೂ ಮನೆ ಮನೆಗೆ ಹೊರಟರು.

ಗಂಡನಿಗೆ ವಿಷಯ ತಿಳಿದಾಗ ಅವನು ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮಡಚಿ ಮುಗಿಸಿದ. ಆಮೇಲೆ ಎದ್ದು ನಡುವಿನ ಪರದೆಯನ್ನು ಕಳಚಿ ಸುತ್ತಿಟ್ಟ. ಕರೆಯಬೇಕಾದರೆ ಈಗ ಕೈ ಬೀಸಿದರೆ ಸಾಕಲ್ಲ. ಬಟ್ಟೆಗೆ ಎಣ್ಣೆ ತಾಗುವ ಚಿಂತೆ ಅವನಿಗೇ ಇರಲಿ ಎಂದು ಅವಳೂ ಬಿಟ್ಟಳು. ಅವನು ತನ್ನ ಟೇಪನ್ನೂ ಅವಳ ಕೊರಳಿಗೆ ಹಾಕಿ ಕಳಿಸಿದ.

ಹೋದ ಕಡೆಯಲ್ಲೆಲ್ಲ ಒಂದೇ ಮಾತು. "ನನಗೆ ಕಿವಿ ಕೇಳೋದಿಲ್ಲ. ಕೇಳಿಸ್ತು ಅಂದ್ಕೊಂಡು ನಿಮಗೆ ಬಾರ್ ಹಾಕಿಕೊಟ್ಟಿದ್ದೆ. ಮಿಷನ್ ಒಂದ್ಸಲ ತನ್ನಿ." ಮೊದಲ ಮನೆಯಲ್ಲಿ ಅದನ್ನು ಹೇಳಲು ಅವಳು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳೆಂದರೆ, ಒಳಗಿನವರು ಏನೋ ಕೇಳಲು ಬಂದಿದ್ದಾಳೆಂದು ಕುರ್ಚಿ ತಂದು ಹಾಕಿದರು. ಮೂರನೆಯ ಮನೆಗೆ ಬರುವಷ್ಟರಲ್ಲಿ ಮಾತು ಬಾಯಿಪಾಠವಾಗಿತ್ತು. ಸೈಲೆನ್ಸರ್ ಬಿಚ್ಚುವುದು, ಪಿಸ್ಟನ್ನಿನ ಅಗಲ ಅಳೆಯುವುದು, ಚೈನಿನ ಹಲ್ಲು ಎಣಿಸುವುದು, ಬಾರನ್ನು ಮಿಷನ್ನಿನ ಮೈಯಿಂದ ತುದಿಯವರೆಗೆ ಅಳೆಯುವುದು, ಒಳಗೆ ಹುದುಗಿದ ಬಾಲವನ್ನು ಲೆಕ್ಕಕ್ಕೆ ಹಿಡಿಯದಿರುವುದು. ಅಪ್ಪನ ಕ್ರಮ ಕೈಗೆ ಮರಳಿ ಬಂತು. ಎಂಟು ಮಿಷನ್ನುಗಳಲ್ಲಿ ಅವಳು ಹೇಳಿದ್ದೇ ಸರಿಯಿತ್ತು. ಎರಡು ತಪ್ಪಿದ್ದವು. ಒಂದನ್ನು ಇನ್ನೂ ಬಳಸಿಯೇ ಇರಲಿಲ್ಲ. ಇನ್ನೊಂದು ಮಾಲಿಯದು, ಅದು ಹೊಗೆ ಬಿಟ್ಟಾಗಲೆಲ್ಲ ಅವನು ಗಿಡಕ್ಕೆ ಹಾಕುವ ಹಾಗೆ ಅದಕ್ಕೂ ಝಾರಿಯಲ್ಲಿ ನೀರು ಹಾಕುತ್ತಿದ್ದನಂತೆ.

ಹನ್ನೊಂದನೆಯದು ಬೇಕರಿಯವನದು. ಅವನನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು, ಸ್ವಲ್ಪ ಮುನಿಸಿನಿಂದ. ಮೊದಲೆಲ್ಲ ತಿಂಗಳಿಗೊಮ್ಮೆ ಚೈನಿಗೆ ಅರ ಹಾಕಿಸಲು ಬರುತ್ತಿದ್ದ ಮನುಷ್ಯ ಒಂದೂವರೆ ವರ್ಷದಿಂದ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಬೇರೆ ರಿಪೇರಿಯವರು ಸಿಕ್ಕಿರಬೇಕು ಎಂದು ಅವಳು ಬೇಕರಿಯ ಮುಂದೆ ಹೋಗುವಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಮಧ್ಯಾಹ್ನದ ಬಿಡುವಿನ ಹೊತ್ತು. ಒಲೆಯ ಬಾಯಿ ಮುಚ್ಚಿತ್ತು, ಮರದ ಹಲಗೆಗಳ ಮೇಲೆ ಬ್ರೆಡ್ಡು ಆರುತ್ತಿತ್ತು, ಹಿಟ್ಟಿನ ಧೂಳು ಕೋಣೆಯ ತುಂಬ ನಿದ್ದೆಯಂತೆ ಇಳಿಯುತ್ತಿತ್ತು. ಬೇಕರಿಯವನು ಅವಳನ್ನು ಕಂಡ ಕೂಡಲೇ ಎದ್ದು ನಿಂತು ಬಲಗೈಯನ್ನು ಏಪ್ರನ್ನಿನ ಕೆಳಗೆ ಸೇರಿಸಿದ. ಅವಳು ತನ್ನ ಮಾತು ಒಪ್ಪಿಸಿದಳು. ಅವನು ಏನೋ ಹೇಳಿದ, ಬೇಡವೆಂದು ತಲೆಯಾಡಿಸಿದ. ತಮ್ಮನೇ ಹಿತ್ತಿಲಿಗೆ ಹೋಗಿ ಸೌದೆಯ ರಾಶಿಯ ಹಿಂದಿನಿಂದ ಮಿಷನ್ ಎತ್ತಿಕೊಂಡು ಬಂದ.

ಬಾರ್ ತುದಿಯವರೆಗೆ ನೀಲಿಗಟ್ಟಿತ್ತು. ಉಕ್ಕು ನೀಲಿಯಾಗುವುದು ಬೆಂಕಿಯಷ್ಟು ಕಾದಾಗ. ಚೈನ್ ಇರಲಿಲ್ಲ.

"ಕೈ ತೋರಿಸಿ," ಎಂದಳು.

ಅವನು ತೋರಿಸಲಿಲ್ಲ. ಅವಳು ಹತ್ತಿರ ಹೋಗಿ ಏಪ್ರನ್ ಸರಿಸಿದಳು. ಬಲಗೈಯ ಕೊನೆಯ ಎರಡು ಬೆರಳು ಹಾಗೇ ಚಾಚಿಕೊಂಡಿದ್ದವು, ಮಡಚುತ್ತಿರಲಿಲ್ಲ. ಗೆಣ್ಣುಗಳ ಮೇಲೆ ಅಡ್ಡವಾಗಿ ಒಂದು ಬಿಳಿಯ ಗೆರೆ.

"ಅಯ್ಯೋ, ಇದು ನನ್ನದೇ ತಪ್ಪಮ್ಮ," ಎಂದ ಅವನು, ಅವಳಿಗೆ ಕಾಣುವ ಹಾಗೆ ಮುಖ ಎತ್ತಿ. "ಹಿಡಿಯೋದು ಸರಿಯಾಗಿ ಹಿಡೀಲಿಲ್ಲ. ನೀವು ಕೂರಿಸಿದ ಬಾರು, ಅದರಲ್ಲಿ ತಪ್ಪು ಎಲ್ಲಿಂದ ಬರ್ಬೇಕು? ನಿಮ್ಗೆ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಆ ಕಡೆ ಬರೋದೇ ಬಿಟ್ಟೆ. ನಮ್ಮನೇಲೂ ದಿನಾ ಅದೇ ಮಾತು. ಗಮನ ಇಲ್ಲದ ಮನುಷ್ಯ ಅಂತ."

ಅವಳು ನೆಲದ ಮೇಲೆ ಕೂತಳು. ಸೈಲೆನ್ಸರ್ ಬಿಚ್ಚಿದಳು. ಅಳೆದಳು. ಟೇಪನ್ನು ಅವನ ಕಣ್ಣೆದುರಿಗೆ ಹಿಡಿದು ತೋರಿಸಿದಳು.

"ಇದಕ್ಕೆ ಹದಿನಾಲ್ಕು ಹಾಕ್ಬೇಕಿತ್ತು. ನಾನು ಇಪ್ಪತ್ತು ಹಾಕಿದೆ. ನೀವು ಸರಿಯಾಗೇ ಹಿಡ್ಕೊಂಡಿದ್ರಿ. ಎಷ್ಟು ಸರಿಯಾಗಿ ಹಿಡ್ಕೊಂಡಿದ್ರೂ ಇದು ಆಗೋದೇ. ನಿಮ್ಮ ಕೈ ಹಾಳು ಮಾಡಿದ್ದು ನಾನು."

ಬೇಕರಿಯವನು ಟೇಪನ್ನು ನೋಡಿದ. ತನ್ನ ಕೈಯನ್ನು ನೋಡಿದ. ಈಗ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಅವಳು ತಲೆ ತಗ್ಗಿಸದೆ ಕೂತಳು. ಅವನು ಅವಳ ಕಡೆ ತಿರುಗಲೇ ಇಲ್ಲ. ಒಳಗಿನ ಬಾಗಿಲ ಕಡೆ ಮುಖ ಮಾಡಿ, ಕತ್ತಿನ ನರ ಉಬ್ಬುವ ಹಾಗೆ ಏನೋ ಕೂಗಿದ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಒಳಗಿನಿಂದ ಅವನ ಹೆಂಡತಿ ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. ಅವನು ಅದೇ ಮಾತನ್ನು ಅವಳಿಗೆ ಮತ್ತೆ ಹೇಳಿದ, ಮತ್ತೂ ಒಮ್ಮೆ ಹೇಳಿದ, ಹೇಳುತ್ತಾ ಹೇಳುತ್ತಾ ಅವನ ಮುಖ ಸಣ್ಣ ಮಗುವಿನದರಂತೆ ಮುರಿದು ಹೋಯಿತು. ಹೆಂಡತಿ ಅವನ ಕೈಯನ್ನು ಹಿಟ್ಟಿನ ಕೈಗಳ ನಡುವೆ ಹಿಡಿದುಕೊಂಡು ನಿಂತಳು.

ಅಕ್ಕ ತಮ್ಮನ ಅಂಗಿ ಜಗ್ಗಿದಳು. "ಏನಂದ್ರು?"

ತಮ್ಮ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳಿಗೆ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದ.

"'ತಪ್ಪು ನಂದಲ್ವಂತೆ ಕಣೇ' ಅಂದ್ರು."